ತವೀರಾದಲ್ಲಿ ನಾನು ಒಡೆದ ಕೆನೆ

ಪೋರ್ಚುಗಲ್ ದೇಶದ ಪೊಲೀಸರು ನನ್ನನ್ನು ಹಿಡಿದು ಕೂರಿಸಿದ್ದರು ಎಂಬ ಸುದ್ದಿ ನಮ್ಮೂರು ಹಟ್ಟಿಕೇರಿಯಲ್ಲಿ ಹಬ್ಬಿದೆ. ಅಮದಳ್ಳಿಯಲ್ಲಿರುವ ನನ್ನ ತಂಗಿ ಗಿರಿಜೆಯ ಮನೆ ಮುಟ್ಟುವಷ್ಟರಲ್ಲಿ ಅದು ಜೈಲು ಆಗಿದೆ. ಎರಡೂ ಸುಳ್ಳು. ನಾನು ಮಾಡಿದ್ದು ಇಷ್ಟೇ, ಒಬ್ಬ ಮುದುಕನ ಒಂದು ದಿನದ ದುಡಿಮೆಯನ್ನು ನೀರಿನಲ್ಲಿ ಮುಳುಗಿಸಿದೆ.

ಬಾಯಲ್ಲಿ ಹೇಳಿದರೆ ಕೇಳಿದವರೆಲ್ಲ ಒಂದೊಂದು ಸೇರಿಸುತ್ತಾರೆ, ಬರೆದು ಕಳಿಸಿ ಎಂದಳು ಸೊಸೆ. ಮೊಬೈಲಿನಲ್ಲಿ ಕನ್ನಡ ಒತ್ತುವುದನ್ನು ಕಲಿಸಿದವಳೂ ಅವಳೇ. ಅರ್ಧ ಒತ್ತುವಾಗಲೇ ಮೊಬೈಲು ಬಾಕಿ ಅರ್ಧವನ್ನು ತಾನೇ ಹೇಳಿಕೊಡುತ್ತದೆ. ‘ಉಪ್ಪು’ ಎಂದು ಒತ್ತಹೋದರೆ ‘ಉಪ್ಪಿಟ್ಟು’ ಬೇಕೇ ಎನ್ನುತ್ತದೆ. ಬೇಡ ಮಾರಾಯ, ಊಟ ಆಗಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ನನ್ನ ಮಗಳು ಸುಜಾತಾ ಪೋರ್ಚುಗಲ್ಲಿನ ತವೀರಾ ಎಂಬ ಊರಲ್ಲಿ, ಒಂದು ಹೋಟೆಲಿನಲ್ಲಿ ಕೋಣೆ ಚೊಕ್ಕ ಮಾಡುತ್ತಾಳೆ. ಅಳಿಯ ಪ್ರಕಾಶ ಅದೇ ಊರಿನ ಇನ್ನೊಂದು ಕಡೆ ಅಡುಗೆಯವನು. ಅಲ್ಲಿ ಬೇಸಿಗೆ ರಜೆ ನಮ್ಮ ಮಳೆಗಾಲದಲ್ಲಿ ಬರುತ್ತದೆ. ರಜೆಯಲ್ಲಿ ಮಗುವನ್ನು ನೋಡಿಕೊಳ್ಳಲು ಜನ ಬೇಕಿತ್ತು, ನನ್ನನ್ನು ಕರೆಸಿದರು. ನನ್ನ ಕಾರಣ ಬೇರೆ ಇತ್ತು. ಮೊಮ್ಮಗಳು ತನ್ವಿಗೆ ಏಳು ವರ್ಷ. ಇಲ್ಲಿಂದ ಹೋಗುವಾಗ ಮೂರು ತುಂಬಿತ್ತು, ಕೋಳಿಯ ಹಿಂದೆ ಓಡುತ್ತ ನನ್ನನ್ನು ಕೂಗುತ್ತಿದ್ದಳು. ಎರಡು ವರ್ಷದಿಂದ ಅವಳ ಬಾಯಲ್ಲಿ ಒಂದು ಕನ್ನಡ ಶಬ್ದ ಬಂದಿರಲಿಲ್ಲ. ಶಾಲೆಯಲ್ಲಿ ಅವಳು ಅಮ್ಮನ ಹತ್ತಿರ ಕನ್ನಡ ಮಾತಾಡುವುದನ್ನು ಕೇಳಿ ಮಕ್ಕಳು ನಕ್ಕರಂತೆ. ಅಂದೇ ಬಾಯಿಗೆ ಅಗುಳಿ ಹಾಕಿದಳು. ಮನೆಯಲ್ಲೂ ತೆಗೆಯಲಿಲ್ಲ.

‘ನೀ ಹೋಗಿ ಯಂತ ಮಾಡ್ತೆ ಅಕ್ಕಾ?’ ಎಂದಳು ಗಿರಿಜೆ. ‘ನೀ ಒಂದು ಹೇಳ್ತೆ, ಅವಳು ಒಂದು ಹೇಳ್ತಾಳೆ. ಗೋಡೆ ಸಂಗ್ತಿಗೆ ಮಾತಾಡ್ದಂಗೆ.’

‘ಅವಳ ಬಾಯಲ್ಲಿ ಅಜ್ಜಿ ಅನ್ಸ್ಕೊಂಡೇ ಬತ್ತೆ.’

‘ಅನ್ನದೇ ಇದ್ರೆ?’

‘ಅನ್ನದೇ ಇದ್ರೆ ನಿಂಗೆ ಹೇಳೂದೇ ಇಲ್ಲ.’

ಲಿಸ್ಬನ್, ಇಳಿದ ದಿನ

ವಿಮಾನದಿಂದ ಇಳಿದವರನ್ನೆಲ್ಲ ಗಾಜಿನ ಗೂಡುಗಳ ಮುಂದೆ ಸಾಲು ನಿಲ್ಲಿಸಿದರು. ನನ್ನ ಪಾಳಿ ಬಂದಾಗ ಒಳಗಿದ್ದ ಹುಡುಗಿ ಒಂದು ಪೆಟ್ಟಿಗೆಯ ಮೇಲೆ ಬೆರಳಿಡಲು ಸನ್ನೆ ಮಾಡಿದಳು. ಇಟ್ಟೆ. ಪೆಟ್ಟಿಗೆ ಒಪ್ಪಲಿಲ್ಲ. ಅವಳು ಅದನ್ನು ಒರೆಸಿದಳು, ಆಮೇಲೆ ನನ್ನ ಬೆರಳನ್ನೇ ಒರೆಸಿದಳು, ಆಗಲೂ ಒಪ್ಪಲಿಲ್ಲ. ನನಗೆ ನಗು ಬಂತು. ನಮ್ಮ ರೇಶನ್ ಅಂಗಡಿಯಲ್ಲೂ ಇದೇ ಕತೆ. ನನ್ನ ತವರು ಸಾಣಿಕಟ್ಟೆಯ ಪಕ್ಕ. ಹನ್ನೆರಡನೇ ವರ್ಷಕ್ಕೆ ಉಪ್ಪಿನ ಆಗರಕ್ಕೆ ಇಳಿದವಳು ನಾನು, ಮದುವೆಯಾದ ಮೇಲೂ ಬೇಸಿಗೆ ಬೇಸಿಗೆ ಹೋಗಿ ದುಡಿದೆ. ನನ್ನ ಬೆರಳಿನ ಗೆರೆಗಳನ್ನೆಲ್ಲ ಉಪ್ಪು ಎಂದೋ ತಿಂದು ಮುಗಿಸಿದೆ.

ಆ ಹುಡುಗಿಗೆ ಇದನ್ನು ಹೇಗೆ ಹೇಳುವುದು? ಬೆರಳನ್ನು ನೆಕ್ಕಿ, ಮುಖ ಹುಳ್ಳಗೆ ಮಾಡಿ, ಸಮುದ್ರದ ಅಲೆಯ ಹಾಗೆ ಕೈ ಆಡಿಸಿ ತೋರಿಸಿದೆ. ಅವಳು ಎದ್ದುಹೋಗಿ ಇನ್ನೊಬ್ಬನನ್ನು ಕರೆತಂದಳು. ಅರ್ಗಾದ ನೇವಿ ಗೇಟಿನಲ್ಲಿ ನಿಲ್ಲುವವರಷ್ಟೇ ಬಿಗಿಯಾದ ಮೋರೆಯವನು. ಅವನಿಗೂ ಮತ್ತೆ ನೆಕ್ಕಿ ತೋರಿಸಿದೆ. ಒಂದು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಅರ್ಧ ಗಂಟೆಯ ಮೇಲೆ ಸೀಲು ಹೊಡೆದು ಬಿಟ್ಟರು. ಪೊಲೀಸರ ಕತೆಯ ಬೇರು ಇದೇ ಇರಬೇಕು.

ಹೊರಗೆ ಸುಜಾತಾ ನಿಂತಿದ್ದಳು. ಅವಳ ಹಿಂದೆ ಅರ್ಧ ಮುಖ, ಒಂದು ಕಣ್ಣು. ಆ ಕಣ್ಣು ನನ್ನ ಮೂಗುತಿ ನೋಡಿತು, ಸೀರೆ ನೋಡಿತು, ಸುತ್ತಲಿನ ಜನ ನನ್ನ ಸೀರೆ ನೋಡುವುದನ್ನೂ ನೋಡಿತು. ಆಮೇಲೆ ಒಳಗೆ ಹೋಯಿತು.

‘ಅವಳಿಗೆ ಎಲ್ಲ ತಿಳೀತದೆ ಅವ್ವಿ,’ ಎಂದಳು ಸುಜಾತಾ. ‘ಬಾಯಿಗೆ ಮಾತ್ರ ಬರೂದಿಲ್ಲ.’

‘ಬರೂದಿಲ್ಲವೋ, ತರೂದಿಲ್ಲವೋ?’ ಎಂದೆ. ಹಿಂದಿನಿಂದ ಕಿಸಕ್ಕೆಂದ ಹಾಗಾಯಿತು. ತಿಳಿಯುತ್ತದೆ ಎನ್ನುವುದಂತೂ ನಿಜ.

ತವೀರಾ, ಮೊದಲ ವಾರಗಳು

ತವೀರಾ ದಕ್ಷಿಣದ ತುದಿಯಲ್ಲಿ ಸಮುದ್ರಕ್ಕೆ ತಾಗಿರುವ ಸಣ್ಣ ಊರು. ನಡುವೆ ಹೊಳೆ, ಹೊಳೆಗೊಂದು ಹಳೆಯ ಸೇತುವೆ, ಎರಡು ದಂಡೆಯಲ್ಲೂ ಬೆಳ್ಳಗೆ ಸುಣ್ಣ ಬಳಿದ ಮನೆಗಳು. ಹೊಗೆ ಹೋಗುವ ಎತ್ತರದ ಗೂಡುಗಳ ಮೇಲೆ ಕೊಕ್ಕರೆಗಳು ಕಟ್ಟಿಗೆ ಹೊರೆಯಷ್ಟು ದೊಡ್ಡ ಗೂಡು ಕಟ್ಟಿಕೊಂಡು, ಬಾಡಿಗೆ ಕೊಟ್ಟವರ ಹಾಗೆ ನಿಂತಿರುತ್ತವೆ. ಯಾರೂ ಕಲ್ಲು ಹೊಡೆಯುವುದಿಲ್ಲ. ರಾತ್ರಿ ಊಟದ ಹೊತ್ತಿಗೂ ಸೂರ್ಯ ಮುಳುಗುವುದಿಲ್ಲ. ಮೊದಲ ದಿನ ಬಿಸಿಲು ಹೋದ ಮೇಲೆ ದೀಪ ಹಚ್ಚೋಣ ಎಂದು ಕಾದು ಕಾದು, ಕುರ್ಚಿಯಲ್ಲೇ ನಿದ್ದೆ ಹೋದೆ.

ರಸ್ತೆಯಲ್ಲಿ ಬಿಳಿ ಪಟ್ಟೆ ಬಳಿದ ಕಡೆ ಕಾಲಿಟ್ಟರೆ ಕಾರುಗಳು ನಿಲ್ಲುತ್ತವೆ. ಹಾರ್ನ್ ಇಲ್ಲ, ಬೈಗುಳ ಇಲ್ಲ. ನಮ್ಮ ಹೈವೇ ದಾಟಲು ನಾನು ಲಾರಿಗಳ ಮಧ್ಯೆ ಸೆರಗು ಬಿಗಿದು ಓಡುವವಳು. ನನಗಾಗಿ ಒಂದು ಕಾರು, ಅದರ ಹಿಂದೆ ಬಸ್ಸು, ಅದರ ಹಿಂದೆ ಇನ್ನೆರಡು ಕಾರು ಬಾಯಿ ಮುಚ್ಚಿಕೊಂಡು ನಿಂತದ್ದನ್ನು ಕಂಡು ನಂಬಿಕೆಯಾಗಲಿಲ್ಲ. ಆಚೆ ಹೋದೆ. ಖರೆಯೋ ನೋಡೋಣ ಎಂದು ಈಚೆ ಬಂದೆ. ಮತ್ತೆ ಆಚೆ ಹೋದೆ. ಮೂರನೇ ಸಲ ಬಸ್ಸಿನವನು ಕೈ ಮುಗಿದ. ತನ್ವಿ ನನಗಿಂತ ಹತ್ತು ಹೆಜ್ಜೆ ಮುಂದೆ ನಿಂತು, ತಾನು ಯಾರದೋ ಮಗು ಎಂಬಂತೆ ಅಂಗಡಿಯ ಗಾಜು ನೋಡುತ್ತಿದ್ದಳು.

ಆ ಹತ್ತು ಹೆಜ್ಜೆಯನ್ನು ಅವಳು ಯಾವತ್ತೂ ಬಿಡುತ್ತಿರಲಿಲ್ಲ. ಪೇಟೆಗೆ, ಪಾರ್ಕಿಗೆ, ರೊಟ್ಟಿಯಂಗಡಿಗೆ, ಎಲ್ಲಿಗೆ ಹೊರಟರೂ ಅವಳು ಮುಂದೆ, ನಾನು ಹಿಂದೆ. ನಾನು ಚುರುಕಾದರೆ ಅವಳೂ ಚುರುಕು. ಮನೆಯ ಬಾಗಿಲು ಹಾಕಿದ ಮೇಲೆ ಮಾತ್ರ ಪಕ್ಕದಲ್ಲಿ ಬಂದು ಕೂರುವಳು, ನನ್ನ ಕೈಯ ಬಳೆ ತಿರುಗಿಸುವಳು, ಏನೋ ಹೇಳುವಳು, ಎಲ್ಲ ಅಲ್ಲಿಯ ಭಾಷೆಯಲ್ಲಿ.

ಪಕ್ಕದ ಮನೆಯಲ್ಲಿ ನನ್ನದೇ ವಯಸ್ಸಿನ ಹೆಂಗಸು. ಮೊದಲ ಭೇಟಿಯಲ್ಲೇ ನನ್ನ ಹೆಗಲು ಹಿಡಿದು ಎಡಗೆನ್ನೆಗೊಂದು, ಬಲಗೆನ್ನೆಗೊಂದು ಮುತ್ತು ಕೊಟ್ಟಳು. ನಾನು ಹಿಂದೆ ಸರಿದ ರಭಸಕ್ಕೆ ಅವಳ ಹೂವಿನ ಕುಂಡ ಉರುಳಿತು. ನನ್ನ ಗಂಡ ಸಹ ಹಗಲು ಹೊತ್ತಿನಲ್ಲಿ ಹೀಗೆ ಮಾಡಿದವರಲ್ಲ. ಒಂದು ವಾರದ ಮೇಲೆ ಅಭ್ಯಾಸವಾಯಿತು. ಎರಡನೇ ವಾರದಲ್ಲಿ ನಾನೇ ಮೊದಲು ಕೊಡತೊಡಗಿದೆ.

ಮೀನುಪೇಟೆಯಲ್ಲಿ ಬಾಗಿಲ ಹಲಗೆಯಷ್ಟು ಅಗಲದ ಒಣ ಮೀನನ್ನು ಗರಗಸದಿಂದ ಕೊಯ್ಯುವುದು ಕಂಡೆ. ನಮ್ಮ ಅಂಕೋಲೆಯ ಪೇಟೆಯಲ್ಲಿ ಮಳೆಗಾಲಕ್ಕೆ ಮುಂಚೆ ಒಣ ಮೀನು ಕೊಳ್ಳುವವರೆಲ್ಲ ಒಮ್ಮೆ ನೋಡಬೇಕು ಅದನ್ನು. ವಾಸನೆ ಮಾತ್ರ ನಮ್ಮದೇ. ಕಣ್ಣು ಮುಚ್ಚಿ ಮೂಗಿನ ತುಂಬ ಎಳೆದುಕೊಂಡೆ.

ಇನ್ನೊಂದು ಬೆರಗು ಮನೆಯೊಳಗೇ ಕಾದಿತ್ತು. ಒಂದು ಬೆಳಗ್ಗೆ ಗಾಳಿ ಬರುತ್ತಿತ್ತು. ‘ಜನೇಲು ಹಾಕೆ ಮಗಾ’ ಎಂದೆ. ತನ್ವಿ ಕಣ್ಣರಳಿಸಿ ನನ್ನನ್ನು ನೋಡಿದಳು. ಕಿಟಕಿ ಮುಟ್ಟಿ ‘ಜನೆಲಾ?’ ಎಂದಳು. ನಾನು ಬಚ್ಚಲಿನ ಬಾಲ್ದಿ ತೋರಿಸಿ ‘ಬಾಲ್ದಿ’ ಎಂದೆ. ಅವಳು ‘ಬಾಲ್ದ್’ ಎಂದಳು. ಬಟಾಟೆಗೆ ಬಟಾಟ, ಮೇಜಿಗೆ ಮೆಜಾ, ಪಾವಿಗೆ ಪಾಂವ್. ಇಬ್ಬರೂ ಮನೆಯೆಲ್ಲ ಸುತ್ತಿ ಕಪಾಟು, ತುವಾಲು, ಸಾಬೂನು ಮುಟ್ಟಿ ಮುಟ್ಟಿ ನೋಡಿದೆವು. ಎಲ್ಲ ಅಲ್ಲದಿದ್ದರೂ ಅರ್ಧಕ್ಕರ್ಧ ಕೂಡಿತು. ನಾನು ಕಾರವಾರದ ಪೇಟೆಯಲ್ಲಿ ಕೊಂಕಣಿಯವರ ಸಂಗ್ತಿಗೆ ವ್ಯಾಪಾರ ಮಾಡುತ್ತ ಆಡಿದ ಶಬ್ದಗಳು ಇವು. ಯಾವ ಕಾಲದಲ್ಲೋ ಹಡಗು ಹತ್ತಿ ಗೋವೆಗೆ ಬಂದು, ಕಾಳಿ ನದಿ ದಾಟಿ ನಮ್ಮ ಅಡುಗೆಮನೆ ಸೇರಿ, ನಮ್ಮವೇ ಎಂಬಂತೆ ಉಳಿದುಬಿಟ್ಟಿವೆ. ಅವುಗಳ ತವರಿಗೆ ನಾನು ಬಂದು ನಿಂತಿದ್ದೇನೆ ಎನಿಸಿತು.

ಆದರೆ ರಾತ್ರಿ ಯೋಚಿಸಿದರೆ ಲೆಕ್ಕ ಒಂದೇ ಕಡೆಗೆ ಇತ್ತು. ನಾನು ಅವಳ ಭಾಷೆಗೆ ಇಳಿಯುತ್ತಿದ್ದೆ. ಅವಳು ನನ್ನದಕ್ಕೆ ಹತ್ತುತ್ತಿರಲಿಲ್ಲ. ನನ್ನನ್ನು ಕರೆಯುವುದು ‘ಅವೋ’ ಎಂದೇ. ಅಜ್ಜಿ ಎಂದು ಅರ್ಥವಂತೆ. ಅರ್ಥ ಇದ್ದರೆ ಸಾಕೇ?

ಆಗರ, ನಡು ಮಧ್ಯಾಹ್ನ

ಐದನೇ ವಾರ ಪ್ರಕಾಶನಿಗೆ ಒಂದು ದಿನ ರಜೆ ಸಿಕ್ಕಿತು. ‘ಅತ್ತೆ, ನಿಮ್ಗೆ ಒಂದು ಜಾಗ ತೋರಸ್ತೆ. ಎಂತದು ಅಂತ ಈಗ ಹೇಳೂದಿಲ್ಲ,’ ಎಂದು ನಮ್ಮಿಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಊರ ಹೊರಗೆ ಹೋದ. ಇಳಿದು ನೋಡಿದರೆ ಉಪ್ಪಿನ ಆಗರ.

ಅದೇ ಕಟ್ಟೆ, ಅದೇ ತೂಬು, ಭರತದಲ್ಲಿ ಏರಿ ಬಂದ ಸಮುದ್ರದ ನೀರನ್ನು ಒಂದು ಪಾತಿಯಿಂದ ಇನ್ನೊಂದಕ್ಕೆ ಇಳಿಸುವ ಅದೇ ಹಾದಿ. ಬಣ್ಣ ಕೂಡ ಅದೇ ಥರ, ಮೊದಲ ಪಾತಿ ಹಸಿರು, ಆಮೇಲೆ ಕಂದು, ಕೊನೆಯದು ಹಾಲಿಗೆ ನೀರು ಬೆರೆಸಿದ ಹಾಗೆ. ದೂರದ ನೀರಿನಲ್ಲಿ ಗುಲಾಬಿ ಬಣ್ಣದ ಕೊಕ್ಕರೆಗಳು ಕೊಕ್ಕು ತಲೆಕೆಳಗೆ ಮಾಡಿಕೊಂಡು ಮೇಯುತ್ತಿದ್ದವು. ಸಾಣಿಕಟ್ಟೆಯಲ್ಲಿ ಈಗ ಮಳೆ ಹೊಯ್ದು ಪಾತಿಗಳೆಲ್ಲ ಕೆಸರಾಗಿರುತ್ತವೆ. ಇಲ್ಲಿ ಅದೇ ತಿಂಗಳಲ್ಲಿ ಬಿಸಿಲು ಚುರ್ರೆನ್ನುತ್ತಿತ್ತು, ಉಪ್ಪಿನ ರಾಶಿಗಳು ಕಣ್ಣಿಗೆ ಹೊಡೆಯುತ್ತಿದ್ದವು.

ಸುಜಾತಾಳ ಕೆಲಸ ಬಿಡುವ ಹೊತ್ತಾಗಿತ್ತು. ಅವಳನ್ನೂ ಕರೆತರುತ್ತೇನೆ, ಕಟ್ಟೆಯ ಮೇಲೇ ಇರಿ ಎಂದು ಹೇಳಿ ಪ್ರಕಾಶ ಕಾರು ತಿರುಗಿಸಿದ. ಕೆಲಸದವರು ಯಾರೂ ಕಾಣಲಿಲ್ಲ. ಆಚೆಯ ಗುಡಿಸಲಿನ ನೆರಳಿನಲ್ಲಿ ಉಂಡು ಮಲಗಿದ್ದಿರಬೇಕು. ತನ್ವಿ ಎಂದಿನ ಹತ್ತು ಹೆಜ್ಜೆಯನ್ನು ಮೂವತ್ತು ಮಾಡಿಕೊಂಡು ಕೊಕ್ಕರೆ ನೋಡುತ್ತಿದ್ದಳು.

ನಾನು ಕೊನೆಯ ಸಾಲಿನ ಪಾತಿಗೆ ಬಗ್ಗಿದೆ. ನೀರಿನ ಮೇಲೆ ತೆಳ್ಳಗೆ ಬಿಳಿ ಕೆನೆ ಕಟ್ಟಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಆಗರದಲ್ಲಿ ನೀರಿನ ಮೇಲೆ ಕೆನೆ ಕಟ್ಟಲು ಬಿಡುತ್ತಿರಲಿಲ್ಲ. ಕಟ್ಟಿದರೆ ಬಿಸಿಲು ಒಳಗೆ ಇಳಿಯುವುದಿಲ್ಲ, ಕೆಳಗೆ ಹರಳು ಬಲಿಯುವುದಿಲ್ಲ. ಉದ್ದ ಕೋಲಿನ ತುದಿಗೆ ಹಲಗೆ ಹೊಡೆದಿರುತ್ತದೆ, ಅದರಿಂದ ಮೆಲ್ಲಗೆ ತಟ್ಟಿ ಒಡೆದು ಮುಳುಗಿಸಬೇಕು. ಮರೆತು ಮಲಗಿದರೆ ನನ್ನ ಅಪ್ಪ ಆಗರಕ್ಕೇ ಕೇಳುವ ಹಾಗೆ ಬೈಯುತ್ತಿದ್ದ. ಅದೇ ಹಲಗೆ ಇಲ್ಲಿ ಕಟ್ಟೆಗೆ ಒರಗಿ ನಿಂತಿತ್ತು. ಪಾಪ, ಕೆಲಸದವರು ಮಲಗಿಬಿಟ್ಟಿದ್ದಾರೆ, ಯಜಮಾನ ಬಂದು ಬೈಯುವ ಮೊದಲು ಒಡೆದಿಡೋಣ ಎಂದುಕೊಂಡೆ.

ಚಪ್ಪಲಿ ಬಿಟ್ಟೆ. ಸೀರೆ ಎತ್ತಿ ಕಟ್ಟಿದೆ. ಎಷ್ಟೋ ವರ್ಷದ ಮೇಲೆ ಕೋಲು ಕೈಗೆ ಬಂದಿತ್ತು. ತಟ್ಟಿದ ಕಡೆ ಕೆನೆ ಬಿರಿದು, ತುಂಡು ತುಂಡಾಗಿ ಮಿನುಗುತ್ತ ಕೆಳಗಿಳಿಯಿತು. ಒಂದು ಪಾತಿ ಮುಗಿಸಿದೆ. ಎರಡನೆಯದೂ ಮುಗಿಯಿತು. ಮೂರನೆಯದಕ್ಕೆ ಕೈ ಹಾಕುವಾಗ ಗುಡಿಸಲಿನ ಕಡೆಯಿಂದ ಕೂಗು ಕೇಳಿತು.

ಬಂದವನು ನನ್ನ ವಯಸ್ಸಿನ ಮುದುಕ. ಒಣಹುಲ್ಲಿನ ಟೊಪ್ಪಿ, ಬರಿಗಾಲು. ಎರಡು ಪಾತಿಯನ್ನೂ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. ಆಮೇಲೆ ನನ್ನ ಕಡೆ ತಿರುಗಿ ಶುರು ಮಾಡಿದ. ಒಂದು ಶಬ್ದ ತಿಳಿಯದಿದ್ದರೂ ಬೈಗುಳ ಎಂದು ತಿಳಿಯಲು ಭಾಷೆ ಬೇಕಾಗಲಿಲ್ಲ, ನನ್ನ ಅಪ್ಪನ ರಾಗವೇ. ನಾನು ಕೆನೆ ತೋರಿಸಿದೆ, ಬಿಸಿಲು ತೋರಿಸಿದೆ, ಕೈಯಿಂದ ತಟ್ಟಿ ತೋರಿಸಿದೆ. ಅವನ ಸಿಟ್ಟು ಇನ್ನೂ ಏರಿತು. ಕಟ್ಟೆಯ ಮೇಲೆ ಹೋಗುತ್ತಿದ್ದ ನಾಲ್ಕಾರು ಪ್ರವಾಸಿಗರು ನಿಂತು ನೋಡತೊಡಗಿದರು. ಒಬ್ಬ ಫೋಟೋ ಸಹ ತೆಗೆದ.

ತನ್ವಿ ಅದೇ ಮೂವತ್ತು ಹೆಜ್ಜೆಯ ಆಚೆ ನಿಂತಿದ್ದಳು. ತಲೆ ಬಗ್ಗಿಸಿ ಕಾಲಿನಿಂದ ಮಣ್ಣು ಕೆದಕುತ್ತಿದ್ದಳು. ಅವಳನ್ನು ಕೂಗಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಇಷ್ಟು ಜನರ ಎದುರು, ಕಾಲೆಲ್ಲ ಕೆಸರು ಮೆತ್ತಿದ ಈ ಮುದುಕಿ ನನ್ನವಳು ಎಂದು ಆ ಮಗುವಿನ ಕೈಲಿ ಹೇಳಿಸುವುದು ನನ್ನಿಂದಾಗಲಿಲ್ಲ. ಇಂದು ಕರೆದು ಅವಮಾನ ಮಾಡಿದರೆ ಇನ್ನು ಬಾಯಿ ತೆರೆಸುವುದು ಆಗದ ಮಾತು. ಗಿರಿಜೆಗೆ ಏನೂ ಹೇಳದೇ ಇರುವುದು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಕೋಲನ್ನು ಕೆಳಗಿಟ್ಟು, ಅವನೆದುರು ಕೈ ಮುಗಿದು ನಿಂತೆ.

ಆಗ ಕಟ್ಟೆಯ ಮೇಲೆ ಸಣ್ಣ ಕಾಲುಗಳ ಸದ್ದು ಕೇಳಿತು.

ಅವಳು ಓಡಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಅವನ ಮುಖ ನೋಡಿ ಅವನ ಭಾಷೆಯಲ್ಲಿ ಏನೋ ಗಟ್ಟಿಯಾಗಿ ಹೇಳಿದಳು. ಅವನು ಬೈಗುಳ ನಿಲ್ಲಿಸಿದ. ಏನೋ ಕೇಳಿದ. ಅವಳು ನನ್ನ ಕಡೆ ತಿರುಗಿದಳು. ಮುಖ ಕೆಂಪಾಗಿತ್ತು.

‘ಅಜ್ಜಿ,’ ಎಂದಳು. ‘ಯಂತಕೆ ಒಡ್ದೆ?’

ಪುಸ್ತಕದ ಕನ್ನಡವಲ್ಲ. ನಮ್ಮ ಹಟ್ಟಿಕೇರಿಯದೇ ರಾಗ, ಕೊನೆಗೆ ಮೇಲೆ ಏರಿ ನಿಲ್ಲುವ ರಾಗ. ನಾನು ಅವಳ ಬಾಯಿಯನ್ನೇ ನೋಡಿದೆ.

‘ಅಜ್ಜಿ, ಅವ ಕೇಳ್ತಾ ಇದ್ದ. ಹೇಳು ಬೇಗ.’

‘ನಾವು ಒಡೀತೇವು ಮಗಾ,’ ಎಂದೆ. ‘ಒಡೀದಿದ್ರೆ ಕೆಳಗೆ ಉಪ್ಪು ಆಗೂದಿಲ್ಲ. ನನ್ನ ಅಪ್ಪ ಹಾಂಗೇ ಕಲ್ಸಿದ್ದ.’

ಅವಳು ಅದನ್ನು ಅವನಿಗೆ ದಾಟಿಸಿದಳು. ಅವನು ಟೊಪ್ಪಿ ತೆಗೆದು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನ್ನ ಕಾಲಿನ ಹತ್ತಿರ ಅವನ ಕಣ್ಣು ನಿಂತಿತು. ನಾನೂ ಅವನ ಕಾಲು ನೋಡಿದೆ. ಹಿಮ್ಮಡಿಯ ಬಿರುಕು, ಬೆರಳ ಸಂದಿಯ ಬಿಳಿ ಕಲೆ, ಗಂಟಿನ ಮೇಲೆ ಹಳೆಯ ಗಾಯ. ಒಂದೇ ಆಗರದ ಕಾಲು ಎನ್ನಬಹುದಿತ್ತು.

‘ನೀ ಉಪ್ಪಿನ ಕೆಲಸದವಳಾ ಅಂತ ಕೇಳ್ತ.’

‘ಹೌದು ಅನ್ನು. ಐವತ್ತು ವರ್ಷ ಅನ್ನು.’

‘ಐವತ್ತು ಅಂದ್ರೆ ಎಷ್ಟು?’

ನಾನು ಹತ್ತು ಬೆರಳನ್ನು ಐದು ಸಲ ತೋರಿಸಿದೆ. ಅವನೂ ತೋರಿಸಿದ. ಅವನದು ಆರು ಸಲ.

ಆಮೇಲೆ ಅವನು ಕೂತು ಹೇಳಿದ, ತನ್ವಿ ತಡವರಿಸುತ್ತ ಹೇಳಿದಳು. ಸಿಗದ ಶಬ್ದಕ್ಕೆ ನನ್ನ ಸೆರಗು ಜಗ್ಗಿ, ನೀರು ಮುಟ್ಟಿ, ‘ಇದಕ್ಕೆ ಎಂತ ಅಂತಾರೆ ಅಜ್ಜಿ?’ ಎಂದು ಕೇಳಿ ಕೇಳಿ ಹೇಳಿದಳು. ನಾವು ಒಡೆದು ಮುಳುಗಿಸುವ ಆ ಕೆನೆಯನ್ನೇ ಇವರು ಹೂವು ಎನ್ನುತ್ತಾರಂತೆ. ಇಡೀ ಆಗರದಲ್ಲಿ ಎಲ್ಲಕ್ಕಿಂತ ಬೆಲೆಯ ಉಪ್ಪು ಅದೇ. ಗಾಳಿ ಮೆತ್ತಗಿದ್ದ ದಿನ ಮಾತ್ರ ಕಟ್ಟುತ್ತದೆ, ಬಿಸಿಲು ಇಳಿಯುವಾಗ ಜರಡಿಯಲ್ಲಿ ತೆಗೆಯಬೇಕು. ಮುಟ್ಟಿದರೆ ಮುಳುಗುತ್ತದೆ, ಮುಳುಗಿದರೆ ಬರೀ ಉಪ್ಪು. ಆ ದಿನ ಅದೇ ಎರಡು ಪಾತಿಯಲ್ಲಿ ಚೆನ್ನಾಗಿ ಕಟ್ಟಿತ್ತಂತೆ.

‘ಅವಂಗೆ ಹೇಳು,’ ಎಂದೆ. ‘ಐವತ್ತು ವರ್ಷ ನಾನು ಹೂವು ಮುಳುಗ್ಸಿದ್ದೆ, ಯಾರೂ ಹೇಳಿಲ್ಲ ಅನ್ನು.’

ತನ್ವಿ ಹೇಳಿದಳು. ಅವನು ಒಡೆದ ಎರಡು ಪಾತಿಗಳತ್ತ ಒಮ್ಮೆ ನೋಡಿದ. ಆಮೇಲೆ ನಗತೊಡಗಿದ. ಕೆಮ್ಮು ಬರುವವರೆಗೆ ನಕ್ಕ.

‘ನಾಳೆ ಬಾ ಅಂತ ಹೇಳ್ತ ಅಜ್ಜಿ. ಗಾಳಿ ಇಲ್ದೇ ಇದ್ರೆ ಮತ್ತೆ ಕಟ್ತದಂತೆ. ಒಡ್ದವರೇ ತೆಗೀಬೇಕಂತೆ.’

ಸುಜಾತಾ, ಪ್ರಕಾಶ ಬರುವಾಗ ನಾವು ಮೂವರೂ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಅವನು ಕೊಟ್ಟ ಅಂಜೂರ ತಿನ್ನುತ್ತಿದ್ದೆವು. ‘ಅವ್ವಿ, ಏನಾಯ್ತು? ಸೀರೆ ಎಲ್ಲ ಒದ್ದೆ,’ ಎಂದಳು ಸುಜಾತಾ. ನಾನು ಬಾಯಿ ತೆರೆಯುವ ಮೊದಲೇ ತನ್ವಿ, ‘ಅಜ್ಜಿ ಎಲ್ಲ ಒಡ್ದು ಹಾಕ್ತು!’ ಎಂದಳು. ಸುಜಾತಾ ಒದ್ದೆ ಸೀರೆಯ ಮಾತು ಮರೆತಳು. ಗಂಡನ ಮುಖ ನೋಡಿದಳು, ಆಮೇಲೆ ಕಣ್ಣಿಗೆ ಉಪ್ಪು ಹಾರಿತು ಎಂದು ಆಚೆ ತಿರುಗಿ ನಿಂತಳು.

ಆಗರ, ಮರುದಿನ

ಗಾಳಿ ಬೀಸಲಿಲ್ಲ. ಆ ಮುದುಕನ ಹೆಸರು ಜುವಾಂವ್. ಕಾರವಾರದಲ್ಲಿ ಆ ಹೆಸರಿನವರು ಎಷ್ಟೋ ಜನ. ಬಿಸಿಲು ವಾಲುವ ಹೊತ್ತಿಗೆ ಅವನು ಉದ್ದ ಕೋಲಿನ ಜರಡಿಯನ್ನು ನನ್ನ ಕೈಗೆ ಕೊಟ್ಟು, ಹೇಗೆ ಎಂದು ಒಂದು ಸಲ ತೋರಿಸಿದ. ಬಗ್ಗಬೇಕು, ಉಸಿರು ಹಿಡಿಯಬೇಕು, ಕೆನೆಯ ಅಡಿಗೆ ಜರಡಿ ತೂರಿಸಿ ಮಲಗಿದ ಮಗುವನ್ನು ಎತ್ತುವಂತೆ ಎತ್ತಬೇಕು. ಮೊದಲ ಸಲ ಅರ್ಧ ಮುಳುಗಿತು. ‘ಅಜ್ಜಿ, ಮೆಲ್ಲಗೆ,’ ಎಂದಳು ತನ್ವಿ. ಎರಡನೆಯ ಸಲ ಬಂತು. ನೀರು ಸೋರಿ ಹೋದ ಮೇಲೆ ಜರಡಿಯಲ್ಲಿ ಉಳಿದದ್ದನ್ನು ನೋಡಿದೆ. ಅಷ್ಟು ಹಗುರ, ಅಷ್ಟು ಬೆಳ್ಳಗೆ, ಬೆರಳು ತಾಗಿಸಿದರೆ ಪುಡಿಯಾಗುವಂಥದ್ದು. ನಾಲಿಗೆಗೆ ಇಟ್ಟೆ. ಉಪ್ಪೇ. ಆದರೆ ಮೊದಲು ಕರಗಿ, ಆಮೇಲೆ ಉಪ್ಪೆಂದು ತಿಳಿಯಿತು.

ಇದು ನಮ್ಮ ಪಾತಿಗಳಲ್ಲೂ ಇತ್ತು. ದಿನವೂ ಕಣ್ಣೆದುರು ಇತ್ತು. ನನ್ನ ಅಪ್ಪ, ಅವನ ಅಪ್ಪ, ಎಲ್ಲರೂ ಅದನ್ನು ಒಡೆದೇ ಸತ್ತರು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಈ ವಯಸ್ಸಿನಲ್ಲೂ, ನಾನು ಪೂರಾ ಬಲ್ಲೆ ಎಂದುಕೊಂಡ ಒಂದೇ ಒಂದು ಕೆಲಸದಲ್ಲೂ, ಹೊಸದೊಂದು ಕಾಣುವುದು ಬಾಕಿ ಇತ್ತಲ್ಲ ಎಂದು ಬೆರಗಾಯಿತು. ಕೊಕ್ಕರೆಗಳು ಎದ್ದು ಹಾರಿದವು. ಇಡೀ ಆಗರ ಗುಲಾಬಿ ಬಣ್ಣಕ್ಕೆ ತಿರುಗಿತು.

ಅಂದು ಮನೆಗೆ ನಡೆದೇ ಹೋದೆವು. ಪೇಟೆಯ ನಡುವೆ ತನ್ವಿಯ ಶಾಲೆಯ ಇಬ್ಬರು ಹುಡುಗಿಯರು ಎದುರಾದರು. ಅವಳು ನನ್ನ ಪಕ್ಕದಲ್ಲೇ ಇದ್ದಳು. ಹತ್ತು ಹೆಜ್ಜೆ ಮುಂದೆ ಓಡಲಿ ಎಂದು ನಾನೇ ನಿಧಾನ ಮಾಡಿದೆ. ‘ಅಜ್ಜಿ, ಯಂತಕೆ ನಿಂತೆ? ಬಾ,’ ಎಂದು ಸೆರಗು ಹಿಡಿದು ಎಳೆದಳು.

ಮತ್ತೆ ಲಿಸ್ಬನ್, ಹೊರಟ ದಿನ

ಮತ್ತೆ ಗಾಜಿನ ಗೂಡು, ಬೆರಳು ಒಪ್ಪದ ಪೆಟ್ಟಿಗೆ. ಅದಕ್ಕೂ ಮುಂಚೆ, ಬೀಳ್ಕೊಡಲು ಬಂದವರು ನಿಲ್ಲಬಹುದಾದ ಕಡೆ ಒಂದು ಅಂಗಡಿ ಇತ್ತು. ಬಾಗಿಲಲ್ಲೇ ಗಾಜಿನ ಸಣ್ಣ ಬಾಟಲಿಗಳನ್ನು ಗೋಪುರದ ಹಾಗೆ ಏರಿಸಿ ಇಟ್ಟಿದ್ದರು. ಒಳಗೆ ಅದೇ ಬಿಳಿ ಹೂವು. ನನ್ನ ಚೀಲದಲ್ಲೂ ಒಂದು ಇತ್ತು, ಜುವಾಂವ್ ಕೊಟ್ಟದ್ದು, ಗಿರಿಜೆಗೆ ತೋರಿಸಲು. ಆದರೂ ನೋಡೋಣ ಎಂದು ಕೈ ಚಾಚಿದೆ.

‘ಅಜ್ಜಿ! ಮುಟ್ಬೇಡ! ಬಿದ್ರೆ ಒಡೀತದೆ! ಒಂದು ಸಲ ಒಡ್ದದ್ದು ಸಾಲದಾ ನಿಂಗೆ?’

ಇಡೀ ವಿಮಾನ ನಿಲ್ದಾಣ ತಿರುಗಿ ನೋಡಿತು. ಟೋಪಿಯವರು, ಕೋಟಿನವರು, ಪೆಟ್ಟಿಗೆ ಎಳೆಯುವವರು, ಎಲ್ಲರೂ. ಸೊಂಟದ ಮೇಲೆ ಕೈ ಇಟ್ಟು ನಿಂತ ಏಳು ವರ್ಷದ ಹುಡುಗಿಗೆ ಅವರು ಯಾರೂ ಕಣ್ಣಿಗೇ ಬೀಳಲಿಲ್ಲ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಕೈ ಹಿಂದೆ ತೆಗೆದೆ. ಅವಳು ಅತ್ತ ತಿರುಗುವವರೆಗೆ ಕಾದೆ. ಆಮೇಲೆ ಅವಳಿಗೆ ಕೇಳುವ ಹಾಗೆ, ಕಿಣಿಕ್ಕೆಂದು, ಇನ್ನೊಂದು ಬಾಟಲಿ ಮುಟ್ಟಿದೆ.